ಮಿದುಳಿನಲ್ಲಿ ಉಳಿದ ಕಬ್ಬಿಣ: ಪೆಟ್ಟಿನ ನಂತರದ ಮೂರ್ಛೆರೋಗವನ್ನು ಸ್ಕ್ಯಾನ್ ಮೊದಲೇ ಹೇಳಬಲ್ಲದೇ?

ತಲೆಗೆ ಪೆಟ್ಟು ಬಿದ್ದವರಿಗೆ ಫಿಟ್ಸ್ ಬಂದಾಗ ಮೊದಲು ನೋಡುವುದು ದಿನಗಳ ಲೆಕ್ಕ. 7 ದಿನದೊಳಗೆ ಬಂದರೆ ಅದು ಹಸಿಗಾಯದ ಕಾಟ: ರಕ್ತ ಸೋರಿರುತ್ತದೆ, ಮಿದುಳು ಊದಿಕೊಂಡಿರುತ್ತದೆ, ಸೋಡಿಯಂ ಇಳಿದಿರುತ್ತದೆ. ವಾರ ಕಳೆದು, ಎಷ್ಟೋ ಸಲ ಮನುಷ್ಯ ಕೆಲಸಕ್ಕೆ ಮರಳಿದ ಮೇಲೆ ತಾನಾಗಿ ಬಂದರೆ ಅದರ ಬೇರು ಬೇರೆ. ಅಷ್ಟರಲ್ಲಿ ಮಿದುಳಿನ ನರಜಾಲವೇ ಬದಲಾಗಿರುತ್ತದೆ. ಮಧ್ಯಮ ಅಥವಾ ತೀವ್ರ ಪೆಟ್ಟು ತಿಂದವರಲ್ಲಿ ಇಂಥ ತಡವಾದ ಫಿಟ್ಸ್ ಒಮ್ಮೆ ಬಂತೆಂದರೆ, ಎರಡು ವರ್ಷದೊಳಗೆ ಮರುಕಳಿಸುವ ಸಂಭವ 86% ಎಂದು 1997ರ ಅಧ್ಯಯನವೊಂದು ಲೆಕ್ಕ ಹಾಕಿತ್ತು.

ಪೆಟ್ಟಿಗೂ ಆ ಮೊದಲ ಫಿಟ್ಸಿಗೂ ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಸದ್ದಿಲ್ಲದೆ ಸಾಗುತ್ತವೆ. ಈ ಅವಧಿಯಲ್ಲಿ ತೆಗೆದ ಚಿತ್ರ ನೋಡಿ ಯಾರಿಗೆ ರೋಗ ಬರಲಿದೆ ಎಂದು ಹೇಳುವ ಪ್ರಯತ್ನಕ್ಕೆ ಅರ್ಧ ಶತಮಾನದ ಚರಿತ್ರೆಯಿದೆ.

ಚಿತ್ರಗಳು ಬರುವ ಮೊದಲೇ ಮುನ್ಸೂಚನೆಯ ಕೆಲಸ ಶುರುವಾಗಿತ್ತು. ಗ್ಲಾಸ್ಗೋದ ನರಶಸ್ತ್ರಚಿಕಿತ್ಸಕ ಬ್ರಯನ್ ಜೆನೆಟ್ 1960ರ ದಶಕದಲ್ಲಿ ರೋಗಿಗಳ ದಾಖಲೆಗಳನ್ನು ಜಾಲಾಡಿ ಮೂರು ಗುರುತುಗಳನ್ನು ಎತ್ತಿ ಹೇಳಿದರು: ಮೊದಲ ವಾರದಲ್ಲೇ ಬಂದ ಫಿಟ್ಸ್, ಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ, ಒಳಕ್ಕೆ ಕುಸಿದ ಬುರುಡೆ ಮೂಳೆ. ಅವರ ಕೈಯಲ್ಲಿದ್ದದ್ದು ಎಕ್ಸ್‌ರೇ, ಆಪರೇಷನ್ ಟಿಪ್ಪಣಿ, ವಾರ್ಡಿನ ದಾಖಲೆ ಇಷ್ಟೇ. ಆ ಮೂರೂ ಗುರುತುಗಳು ಇಂದಿಗೂ ಪಟ್ಟಿಯಿಂದ ಬಿದ್ದಿಲ್ಲ ಎಂಬುದನ್ನು ಹೊಸ ಯಂತ್ರಗಳ ಸಂಭ್ರಮದಲ್ಲಿ ನಾವು ಮರೆಯುತ್ತೇವೆ. ವಿಯೆಟ್ನಾಂ ಯುದ್ಧದಲ್ಲಿ ಗುಂಡು, ಚೂರು ಹೊಕ್ಕು ಮಿದುಳಿಗೆ ಗಾಯವಾದ 421 ಸೈನಿಕರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ 53% ಜನರಿಗೆ ಮೂರ್ಛೆರೋಗ ಬಂದಿತ್ತು. ಗುಂಡು, ಚೂರು ಒಳಹೊಗದ ಪೆಟ್ಟುಗಳಲ್ಲಿ ಪ್ರಮಾಣ ಬಹಳ ಕಡಿಮೆ. ಅಮೆರಿಕದ ಮಿನೆಸೋಟದಲ್ಲಿ 4,541 ಜನರನ್ನು ನೋಡಿ 1998ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 30 ವರ್ಷಗಳಲ್ಲಿ ತಡವಾದ ಫಿಟ್ಸ್ ಬರುವ ಸಂಭವ ಲಘು ಪೆಟ್ಟಿನವರಲ್ಲಿ 2.1%, ಮಧ್ಯಮದಲ್ಲಿ 4.2%, ತೀವ್ರದಲ್ಲಿ 16.7%.

1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ನಡೆಯಿತು. ಆ ಚಿತ್ರ 80 × 80 ಚೌಕಗಳ ಒರಟು ಜಾಲರಿ. ಆದರೂ ತಲೆ ತೆರೆಯದೆ ಮಿದುಳಿನ ಒಳಗು ಕಾಣಿಸಿತು! ಹೊಸ ರಕ್ತ ಸಿಟಿಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ನಿಮಿಷಗಳಲ್ಲಿ ಕೆಲಸ ಮುಗಿಯುವುದರಿಂದ ತುರ್ತು ವಿಭಾಗದಲ್ಲಿ ಇಂದಿಗೂ ಅದರದೇ ಕಾರುಬಾರು. 2003ರಲ್ಲಿ ಸುಮಾರು 650 ರೋಗಿಗಳ ಸಿಟಿ ಚಿತ್ರಗಳನ್ನು ಎರಡು ವರ್ಷದ ಫಲಿತಾಂಶದೊಂದಿಗೆ ತಾಳೆ ನೋಡಿದಾಗ ಅಪಾಯದ ಮೆಟ್ಟಿಲುಗಳು ಸ್ಪಷ್ಟವಾದವು. ಎರಡೂ ಕಡೆಯ ಪೆರೈಟಲ್ ಹಾಲೆಗಳಲ್ಲಿ (ನೆತ್ತಿಯ ಕೆಳಗಿನ ಭಾಗ) ಜಜ್ಜುಗಾಯ ಇದ್ದವರಲ್ಲಿ 66% ಜನರಿಗೆ ತಡವಾದ ಫಿಟ್ಸ್ ಬಂದಿತ್ತು. ಮಿದುಳಿನ ಹೊದಿಕೆ ಹರಿದು ಮೂಳೆ, ಲೋಹದ ಚೂರು ಒಳಹೊಕ್ಕವರಲ್ಲಿ 62.5%, ಮಿದುಳಿನ ಮಧ್ಯರೇಖೆ 5 ಮಿ.ಮೀ.ಗಿಂತ ಹೆಚ್ಚು ಸರಿದವರಲ್ಲಿ ಸುಮಾರು 26%.

ಸಿಟಿ ಇಲ್ಲಿ ಕೈಕೊಡುವುದು ಎರಡು ಕಡೆ. ನರತಂತುಗಳು ಎಳೆತಕ್ಕೆ ಸಿಕ್ಕಿ ಹರಿದ ಗಾಯ ಅದಕ್ಕೆ ಹೆಚ್ಚಾಗಿ ಕಾಣುವುದೇ ಇಲ್ಲ. ಇನ್ನೊಂದು, ವಾರಗಳು ಕಳೆದಂತೆ ರಕ್ತದ ಬಿಳುಪು ಮಾಸಿ ಸುತ್ತಲಿನ ಅಂಗಾಂಶದಲ್ಲಿ ಬೆರೆತುಹೋಗುತ್ತದೆ. ರಕ್ತ ಹೋಯಿತು, ಆದರೆ ಅದರಲ್ಲಿದ್ದ ಕಬ್ಬಿಣ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಸುಳಿವು ಸಿಕ್ಕಿದ್ದು ಪ್ರಯೋಗಾಲಯದಲ್ಲಿ. 1978ರಲ್ಲಿ ಜೇಮ್ಸ್ ವಿಲ್ಮೋರ್ ಮತ್ತು ಸಂಗಡಿಗರು ಇಲಿ, ಬೆಕ್ಕುಗಳ ಮಿದುಳಿನ ಹೊರಪದರಕ್ಕೆ ಕಬ್ಬಿಣದ ಲವಣ ಚುಚ್ಚಿದಾಗ ದೀರ್ಘಕಾಲ ಉಳಿಯುವ ಮೂರ್ಛೆ ಅಲೆಗಳು ಎದ್ದವು. ಕೆಂಪುರಕ್ತಕಣ ಒಡೆದಾಗ ಹೀಮೊಗ್ಲೋಬಿನ್‌ನಿಂದ ಬಿಡುಗಡೆಯಾಗುವ ಕಬ್ಬಿಣ ಚುರುಕಾದ ಆಕ್ಸಿಜನ್ ಕಣಗಳನ್ನು ಹುಟ್ಟಿಸುತ್ತದೆ. ಅವು ಜೀವಕೋಶಗಳ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಉಳಿದ ಕಬ್ಬಿಣ ಹೀಮೊಸಿಡರಿನ್ ಎಂಬ ಕಂದು ಕಲೆಯಾಗಿ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಇದೇ ಕಲೆಯನ್ನು ಎಂಆರ್‌ಐ ಹಿಡಿಯಬಲ್ಲದು. ಕಬ್ಬಿಣ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುವುದರಿಂದ ಅಲ್ಲಿಯ ಸಂಕೇತ ಬೇಗ ಆರಿ, ಚಿತ್ರದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಈ ಕದಡುವಿಕೆಯನ್ನೇ ಎತ್ತಿ ತೋರಿಸುವ ಎಸ್‌ಡಬ್ಲ್ಯೂಐ ಎಂಬ ಎಂಆರ್‌ಐ ವಿಧಾನ ಬಂದ ಮೇಲೆ, ಸಿಟಿಯಲ್ಲಿ ಏನೂ ಕಾಣದವರಲ್ಲೂ ಇಂಥ ಚುಕ್ಕೆಗಳು ಸಿಗತೊಡಗಿದವು.

ಆ ಚುಕ್ಕೆಯನ್ನು ಓದುವುದು ಮಾತ್ರ ನಾಜೂಕಿನ ಕೆಲಸ. ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಷ್ಟು ದೊಡ್ಡದು ಎಂಬುದು ಯಂತ್ರದ ಕಾಂತಶಕ್ತಿ (ಅದರ ಅಳತೆ ಟೆಸ್ಲಾ) ಮತ್ತು ಎಕೋ ಸಮಯಕ್ಕೆ, ಎಂದರೆ ಸಂಕೇತ ಹಿಡಿಯುವ ಮುನ್ನ ಯಂತ್ರ ಕಾಯುವ ಹೊತ್ತಿಗೆ, ಬಿಟ್ಟದ್ದು. ಹಾಗಾಗಿ 1.5 ಟೆಸ್ಲಾ ಯಂತ್ರದಲ್ಲಿ ಅಳೆದದ್ದನ್ನು ಆರು ತಿಂಗಳ ನಂತರ 3 ಟೆಸ್ಲಾದಲ್ಲಿ ಅಳೆದು ‘ಗಾಯ ಬೆಳೆದಿದೆ’ ಎಂದರೆ ತಪ್ಪಾಗುತ್ತದೆ. ಅಡ್ಡಕ್ಕೆ ಕತ್ತರಿಸಿದ ಸಣ್ಣ ಅಭಿಧಮನಿಯೂ ಚುಕ್ಕೆಯಂತೆಯೇ ಕಾಣುತ್ತದೆ. ಹಿಂದಿನ, ಮುಂದಿನ ಸ್ಲೈಸ್‌ಗಳಲ್ಲಿ ಅದು ಗೆರೆಯಾಗಿ ಮುಂದುವರಿದರೆ ನಾಳ, ಅಲ್ಲೇ ನಿಂತರೆ ಕಲೆ. ಸುಣ್ಣಗಟ್ಟಿದ ಭಾಗವೂ ಕಪ್ಪೇ. ಅದೇ ಸ್ಕ್ಯಾನಿನ ಫೇಸ್ ಚಿತ್ರ (ಸಂಕೇತದ ಅಲೆ ಎಷ್ಟು ಸರಿದಿದೆ ಎಂದು ತೋರಿಸುವುದು) ತೆರೆದು ನೋಡಿದರೆ ಸುಣ್ಣ ಕಬ್ಬಿಣಕ್ಕೆ ವಿರುದ್ಧ ಛಾಯೆ ತೋರಿಸುತ್ತದೆ. ಎಲ್ಲಕ್ಕಿಂತ ಕಿರಿಕಿರಿಯ ಸಂಗತಿ ಜಾಗದ್ದು. ಪೆಟ್ಟು ಬಿದ್ದಾಗ ಮಿದುಳು ಬುರುಡೆಯ ತಳದ ಏಣುಗಳ ಮೇಲೆ ಉಜ್ಜಿಕೊಳ್ಳುವುದರಿಂದ ಟೆಂಪೊರಲ್ ಹಾಲೆಯ (ಕಿವಿಯ ಬಳಿಯ ಭಾಗ) ತುದಿ ಮತ್ತು ಕಣ್ಣುಗೂಡಿನ ಮೇಲಿನ ಭಾಗ ಹೆಚ್ಚು ಜಜ್ಜುತ್ತವೆ. ಅಲ್ಲೇ ಪಕ್ಕದಲ್ಲಿ ಗಾಳಿ ತುಂಬಿದ ಸೈನಸ್‌ಗಳಿವೆ. ಗಾಳಿಯೂ ಕಾಂತಕ್ಷೇತ್ರವನ್ನು ಕದಡುತ್ತದೆ. ಗಾಯ ಹುಡುಕಬೇಕಾದ ಕಡೆಯೇ ಚಿತ್ರ ಕೆಡುತ್ತದೆ.

ಆದರೂ ಟೆಂಪೊರಲ್ ಹಾಲೆಯನ್ನು ಬಿಡುವಂತಿಲ್ಲ. ಅಲ್ಲಿ ರಕ್ತಸ್ರಾವದ ಗಾಯ ಮತ್ತು ಆರಂಭಿಕ ಫಿಟ್ಸ್ ಎರಡೂ ಇದ್ದರೆ ಮುಂದೆ ಮೂರ್ಛೆರೋಗದ ಅಪಾಯ ಹೆಚ್ಚೆಂದು 2019ರ ಅಧ್ಯಯನವೊಂದು ತೋರಿಸಿತು. ಜೆನೆಟ್ ಹೇಳಿದ್ದ ಗುರುತೊಂದು ಎಂಆರ್‌ಐ ಕಾಲದಲ್ಲೂ ಮರಳಿ ಬಂತು. ಫಿನ್ಲೆಂಡಿನ ಕುಒಪಿಯೊದಲ್ಲಿ ಅಸ್ಲಾ ಪಿಟ್ಕಾನೆನ್ ಅವರ ತಂಡ ಇಲಿಗಳ ಮಿದುಳಿಗೆ ದ್ರವದ ಒತ್ತಡದಿಂದ ಪೆಟ್ಟು ಕೊಟ್ಟು, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನೀರಿನ ಕಣಗಳ ಚಲನೆಯನ್ನು ಡಿಫ್ಯೂಷನ್ ಎಂಆರ್‌ಐನಲ್ಲಿ ಅಳೆಯಿತು. ಆ ಅಳತೆಗೂ ತಿಂಗಳುಗಳ ನಂತರ ಕಂಡ ಮೂರ್ಛೆಯ ಒಲವಿಗೂ ನಂಟಿದೆ ಎಂದು 2007ರಲ್ಲಿ ವರದಿ ಮಾಡಿತು. ಇಲಿಯನ್ನೂ ಮನುಷ್ಯರನ್ನೂ ಒಂದೇ ಯೋಜನೆಯಡಿ ಹಿಂಬಾಲಿಸಲು 2017ರಲ್ಲಿ ಶುರುವಾದದ್ದು ಎಪಿಬಯೋಸ್. ಎಂಆರ್‌ಐ, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ), ರಕ್ತ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಕಂಪ್ಯೂಟರಿಗೆ ಕಲಿಸುವುದು ಅದರ ದಾರಿ.

ಕಂಪ್ಯೂಟರ್ ಎಡವುವುದು ಬಹಳ ಸಾಮಾನ್ಯ ಕಾರಣಗಳಿಗೆ. ಎಲ್ಲರ ಮಿದುಳನ್ನೂ ಒಂದು ಮಾದರಿ ಮಿದುಳಿಗೆ ಹೊಂದಿಸುವ ಸಾಫ್ಟ್‌ವೇರ್, ದೊಡ್ಡ ಗಾಯವಿದ್ದ ಕಡೆ ಆರೋಗ್ಯವಾದ ಭಾಗವನ್ನೇ ಎಳೆದು ಹಳ್ಳ ಮುಚ್ಚುತ್ತದೆ. ಅದಕ್ಕೆ ಗಾಯದ ಗಡಿಯನ್ನು ಮೊದಲೇ ಗುರುತಿಸಿ ಹೊರಗಿಡಬೇಕು, ಅದೂ ಎಷ್ಟೋ ಸಲ ಕೈಯಿಂದಲೇ. ಒಂದೊಂದು ಆಸ್ಪತ್ರೆಯ ಯಂತ್ರ ಒಂದೊಂದು ಥರ. ತೀವ್ರ ಪೆಟ್ಟಿನವರೆಲ್ಲ ಒಂದೇ ಆಸ್ಪತ್ರೆಯಿಂದ ಬಂದರೆ ಕಂಪ್ಯೂಟರ್ ರೋಗ ಕಲಿಯದೆ ಯಂತ್ರದ ಗುರುತು ಕಲಿಯುತ್ತದೆ. ಜೊತೆಗೆ, ಹಿಂಬಾಲಿಸುವ ಅವಧಿಯಲ್ಲಿ ಸಂಪರ್ಕ ತಪ್ಪಿದವರನ್ನು ‘ರೋಗವಿಲ್ಲ’ ಎಂದು ಬರೆದುಕೊಂಡರೆ ಲೆಕ್ಕವೇ ಹದಗೆಡುತ್ತದೆ.

ಎಲ್ಲ ಸರಿಯಿದ್ದರೂ ಗಣಿತ ಬಿಡುವುದಿಲ್ಲ. ರೋಗ ಬರುವ 100ರಲ್ಲಿ 80 ಜನರನ್ನು ಹಿಡಿಯುವ, ಬರದ 100ರಲ್ಲಿ 80 ಜನರನ್ನು ಸರಿಯಾಗಿ ಬಿಟ್ಟುಬಿಡುವ ಪರೀಕ್ಷೆಯೊಂದಿದೆ ಎನ್ನೋಣ. ತೀವ್ರ ಪೆಟ್ಟಿನ 1,000 ಜನರಲ್ಲಿ 150 ಜನರಿಗೆ ರೋಗ ಬರುವುದಾದರೆ, ಪರೀಕ್ಷೆ 290 ಜನರತ್ತ ಬೆರಳು ತೋರಿಸುತ್ತದೆ. ಅವರಲ್ಲಿ ನಿಜವಾಗಿ ರೋಗ ಬರುವುದು 120 ಜನರಿಗೆ. ಲಘು ಪೆಟ್ಟಿನ 1,000 ಜನರಲ್ಲಿ 20 ಜನರಿಗೆ ಬರುವುದಾದರೆ, ಬೆರಳು ತೋರಿಸಿದ 212 ಜನರಲ್ಲಿ ನಿಜವಾದವರು 16. ಲಘು ಪೆಟ್ಟಿನವರ ಕೈಗೆ ಇಂಥ ಫಲಿತಾಂಶ ಕೊಟ್ಟರೆ ಭಯ ಹಂಚಿದಂತಾಗುತ್ತದೆ, ಅಷ್ಟೆ.

ಆದರೂ ಈ ಸಂಶೋಧನೆ ಬೇಕು ಎನ್ನುವುದಕ್ಕೆ ಕಾರಣ ಔಷಧದ ಪರೀಕ್ಷೆ. 1990ರಲ್ಲಿ 404 ರೋಗಿಗಳಿಗೆ ಫೆನಿಟೊಯಿನ್ ಎಂಬ ಫಿಟ್ಸ್ ಔಷಧ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದಾಗ ಮೊದಲ ವಾರದ ಫಿಟ್ಸ್ 14.2%ರಿಂದ 3.6%ಕ್ಕೆ ಇಳಿಯಿತು, ತಡವಾದ ಫಿಟ್ಸ್ ಮಾತ್ರ ಇಳಿಯಲಿಲ್ಲ. ಮೂರ್ಛೆರೋಗ ಹುಟ್ಟದಂತೆ ತಡೆಯುವುದು ಸಾಬೀತಾದ ಔಷಧ ಇಂದಿಗೂ ಇಲ್ಲ. ಹೊಸದೊಂದು ಔಷಧ ರೋಗವನ್ನು 10%ರಿಂದ 5%ಕ್ಕೆ ಇಳಿಸುತ್ತದೆಯೇ ಎಂದು ನೋಡಲು ಸುಮಾರು 870 ರೋಗಿಗಳು ಬೇಕು, ಅದೂ ಎರಡು ವರ್ಷ ಕೈಬಿಡದೆ. ಸ್ಕ್ಯಾನ್ ನೋಡಿ 40% ಅಪಾಯವಿರುವವರನ್ನೇ ಆರಿಸಿಕೊಂಡರೆ, ಅಪಾಯ ಅರ್ಧಕ್ಕಿಳಿಯಿತೇ ಎಂದು ತಿಳಿಯಲು ಸುಮಾರು 160 ಜನ ಸಾಕು.

ಅಲ್ಲಿಯವರೆಗೆ ಸ್ಕ್ಯಾನ್‌ನಿಂದ ಆಗುವ ಉಪಯೋಗ ನಿಗಾ ಇಡುವುದಕ್ಕೆ. ವರದಿಯಲ್ಲಿ ಬರಿಯ ‘ಹಳೆಯ ರಕ್ತಸ್ರಾವ’ ಎಂದು ಬರೆಯುವ ಬದಲು ಅದು ಯಾವ ಹಾಲೆ, ಹೊರಪದರವನ್ನು ಮುಟ್ಟಿದೆಯೇ, ಒಂದು ಬದಿಯೋ ಎರಡೋ ಎಂದು ಬರೆದರೆ ಮುಂದೆ ನೋಡುವ ವೈದ್ಯರಿಗೆ ದಾರಿ ಸಿಗುತ್ತದೆ. ಟೆಂಪೊರಲ್ ಹಾಲೆಯ ಗಾಯವಿದ್ದವರ ಮನೆಯವರಿಗೆ, ಫಿಟ್ಸ್ ಎಂದರೆ ಕೈಕಾಲು ಸೆಟೆದು ಬೀಳುವುದೇ ಆಗಬೇಕಿಲ್ಲ ಎಂದು ಮೊದಲೇ ಹೇಳಿಡಬೇಕು. ಮಾತಿನ ನಡುವೆ ಅರ್ಧ ನಿಮಿಷ ದಿಟ್ಟಿಸಿ ನೋಡುತ್ತಾ ಕೂರುವುದು, ತುಟಿ ಚಪ್ಪರಿಸುವುದು, ಅಂಗಿಯ ಗುಂಡಿ ತಡಕಾಡುವುದು, ಆಮೇಲೆ ಏನಾಯಿತೆಂದೇ ನೆನಪಿಲ್ಲದಿರುವುದು ಇವೂ ಫಿಟ್ಸೇ ಇರಬಹುದು. ಪೆಟ್ಟಿನಿಂದಾದ ಮರೆವು ಎಂದುಕೊಂಡು ಜನ ಇವನ್ನು ತಿಂಗಳುಗಟ್ಟಲೆ ಬಿಟ್ಟುಬಿಡುತ್ತಾರೆ.