ಸಿಹಿನೀರಿನ ಸರೋವರದಲ್ಲಿ ಸೀಲ್ ಹೇಗೆ?

ಪ್ರಶ್ನೆ: ಫಿನ್‌ಲೆಂಡ್‌ನ ಸೈಮಾ ಸರೋವರದಲ್ಲಿ ಸೀಲ್‌ಗಳಿವೆಯಂತೆ. ಕಡಲ ಪ್ರಾಣಿ ಅಲ್ಲಿಗೆ ಬಂದದ್ದು ಹೇಗೆ?

ನಿಜ ಹೇಳಬೇಕೆಂದರೆ, ಸೀಲ್ ಇದ್ದಲ್ಲೇ ಇತ್ತು. ಅದರ ದಾರಿಗೆ ಅಡ್ಡವಾಗಿ ನೆಲವೇ ಮೇಲೆದ್ದಿತು.

ಹಿಮಯುಗದಲ್ಲಿ ಈಗಿನ ಫಿನ್‌ಲೆಂಡ್ ಮತ್ತು ಅದರ ಪಕ್ಕದ ಬಾಲ್ಟಿಕ್ ಸಮುದ್ರದ ಜಾಗದಲ್ಲೆಲ್ಲ ಮಂಜುಗಡ್ಡೆ ಕೂತಿತ್ತು. ಕೆಲವು ಕಡೆ 3 ಕಿಲೋಮೀಟರ್ ದಪ್ಪ. ಆ ಭಾರಕ್ಕೆ ನೆಲ ಕುಸಿದಿತ್ತು. ಹವೆ ಬೆಚ್ಚಗಾಗಿ ಮಂಜು ಕರಗಿತು, ತಗ್ಗಿನಲ್ಲೆಲ್ಲ ನೀರು ನಿಂತಿತು, ಉತ್ತರದ ಸೀಲ್‌ಗಳೂ ಬಂದವು. ಭಾರ ಇಳಿದ ನೆಲ ಮೆಲ್ಲಗೆ ಏಳತೊಡಗಿತು. ಸುಮಾರು 9,500 ವರ್ಷಗಳ ಹಿಂದೆ ಸೈಮಾ ಕಡಲಿನಿಂದ ಬೇರೆಯಾಯಿತು. ಒಳಗಿದ್ದ ಸೀಲ್‌ಗಳು ಒಳಗೇ ಉಳಿದವು. ಬಾಲ್ಟಿಕ್‌ನ ಉತ್ತರ ಭಾಗವಾದ ಬೋತ್ನಿಯಾ ಕೊಲ್ಲಿಯ ದಡ ಈಗಲೂ ವರ್ಷಕ್ಕೆ 8-9 ಮಿಲಿಮೀಟರ್ ಏಳುತ್ತಿದೆ!

ಹೊರಗೆ, ಬಾಲ್ಟಿಕ್‌ನಲ್ಲೇ ಉಳಿದ ಜೀವಿಗಳ ಪಾಡೂ ಸುಲಭದ್ದಲ್ಲ. ಬಾಲ್ಟಿಕ್‌ಗೆ ಸಾಗರದ ಕಡೆ ಇರುವುದು ಡೆನ್ಮಾರ್ಕ್ ಬಳಿಯ ಕಿರಿದಾದ ಬಾಗಿಲು ಮಾತ್ರ. ಹಿಂದೆ ಅದು ಮುಚ್ಚಿದ್ದಾಗ ಬಾಲ್ಟಿಕ್ ಸಿಹಿನೀರಿನ ಕೆರೆ, ತೆರೆದಾಗ ಉಪ್ಪಿನ ಕಡಲು. ಹಳೆಯ ದಡಗಳ ಮಣ್ಣಿನಲ್ಲಿ ಇದಕ್ಕೆ ಸಾಕ್ಷಿ ಸಿಗುತ್ತದೆ. ಒಂದು ಪದರದಲ್ಲಿ ಆನ್ಸಿಲಸ್ ಎಂಬ ಸಿಹಿನೀರ ಬಸವನಹುಳುವಿನ ಚಿಪ್ಪು, ಅದಕ್ಕಿಂತ ಈಚಿನದರಲ್ಲಿ ಲಿಟ್ಟೊರಿನಾ ಎಂಬ ಕಡಲ ಬಸವನಹುಳುವಿನದು. ಆ ಎರಡು ಕಾಲಗಳಿಗೆ ಭೂವಿಜ್ಞಾನಿಗಳು ಈ ಹುಳುಗಳ ಹೆಸರನ್ನೇ ಇಟ್ಟಿದ್ದಾರೆ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಬಾಲ್ಟಿಕ್‌ನ ನಡುಭಾಗದಲ್ಲಿ ಈಗ 7 ಗ್ರಾಂ ಅಷ್ಟೇ. ನಮ್ಮ ಕರಾವಳಿಯ ಪಚ್ಚಿಲೆಯ ಬಳಗದ ನೀಲಿ ಚಿಪ್ಪು ಅಲ್ಲಿ 3-4 ಸೆಂಟಿಮೀಟರ್ ದಾಟುವುದೇ ಅಪರೂಪ. ಸಾಗರದಲ್ಲಿ ಅದೇ ಜೀವಿ ಇದರ ಎರಡು ಪಟ್ಟಿಗೂ ಜಾಸ್ತಿ ಬೆಳೆಯುತ್ತದೆ. ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಮೊಟ್ಟೆ ತೇಲಲು ಉಪ್ಪು ಬೇಕು. ಆದರೆ ಬಾಲ್ಟಿಕ್‌ನ ಒಂದು ಬಗೆ, ತಳದಲ್ಲೇ ಬೆಳೆಯುವ ಮೊಟ್ಟೆ ಇಡುತ್ತದೆ. 2018ರಲ್ಲಿ ಅದನ್ನು ಬೇರೆಯೇ ಜಾತಿ ಎಂದು ಗುರುತಿಸಿದರು. ಕೆಲವೇ ಸಾವಿರ ವರ್ಷಗಳಲ್ಲಿ ಹೊಸ ಜಾತಿ, ಅಚ್ಚರಿ ಅಲ್ವಾ?

ಸೈಮಾದಲ್ಲಿ ಈಗ ಉಳಿದಿರುವ ಸೀಲ್‌ಗಳು ಸುಮಾರು 500. ತಾಯಿ ಸೀಲ್ ದಡದ ಹಿಮದ ರಾಶಿಯೊಳಗೆ ಗೂಡು ಕೊರೆದು ಮರಿ ಹಾಕುತ್ತದೆ. ಒಳಗೆ ಹೋಗುವ ದಾರಿ ಕೆಳಗಿನ ಮಂಜುಗಡ್ಡೆಯ ತೂತು. ಚಳಿಗಾಲ ಬೆಚ್ಚಗಾದ ವರ್ಷ ಹಿಮವೇ ಸಾಲದು. ಆಗ ಜನ ಸಲಿಕೆ ಹಿಡಿದು ಹೆಪ್ಪುಗಟ್ಟಿದ ಸರೋವರದ ಮೇಲೆ ಹೋಗಿ, ದಡದುದ್ದಕ್ಕೂ ಹಿಮ ಗುಡ್ಡೆ ಹಾಕಿ ಬರುತ್ತಾರೆ. ಆ ಗುಡ್ಡೆಗಳಲ್ಲಿ ಸೀಲ್‌ಗಳು ನಿಜಕ್ಕೂ ಮರಿ ಹಾಕುತ್ತಿವೆ.