ದೊಡ್ಡ ವೆಲ್ಡಿಂಗ್ ಮಷೀನ್ ತರುವ ಮುಂಚೆ ಶೆಡ್ಡಿನ ಸಾಕೆಟ್ ನೋಡಿ

ಮನೆಯ ಶೆಡ್ಡಿನಲ್ಲಿ ಗೇಟು, ಗ್ರಿಲ್, ಸ್ಟೂಲು ಅಂತ ಬೆಸುಗೆ ಹಾಕುವ ಚಟ ಹತ್ತಿದವರಿಗೆ ಬೇಗನೆ ಒಂದು ಆಸೆ ಹುಟ್ಟುತ್ತದೆ. ಈಗಿರುವ ಚಿಕ್ಕ ಮಷೀನ್ ಸಾಲದು, 200 ಆಂಪಿನದೋ 250 ಆಂಪಿನದೋ ತರಬೇಕು. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವುದೂ ಆ ಸಂಖ್ಯೆಯೇ.

ಆದರೆ ಮನೆಯಲ್ಲಿ ಹೆಚ್ಚಾಗಿ ಉರಿಸುವ 2.5 ಎಂಎಂ ರಾಡಿಗೆ ಬೇಕಿರುವುದು ಸುಮಾರು 60ರಿಂದ 90 ಆಂಪ್. 3.15 ಎಂಎಂ ರಾಡ್ ಹಿಡಿದರೂ 90ರಿಂದ 130ರೊಳಗೆ ಕೆಲಸ ಮುಗಿಯುತ್ತದೆ. ಅಂದರೆ ಕೊರತೆ ಇರುವುದು ಹೆಚ್ಚಿನ ಸಲ ಮಷೀನಿನಲ್ಲಲ್ಲ. ಅದರ ಹಿಂದಿನ ವೈರಿನಲ್ಲಿ, ಮುಂದಿನ ಕ್ಲ್ಯಾಂಪಿನಲ್ಲಿ.

ಹಳೆಯ ತಾಮ್ರದ ಮಷೀನನ್ನು ಇಬ್ಬರು ಸೇರಿ ಎತ್ತಬೇಕಿತ್ತು. ಈಗಿನದು ಐದಾರು ಕೆಜಿ ಅಷ್ಟೇ. ಇದಕ್ಕೆ ಕಾರಣ ಕರೆಂಟಿನ ಅಲೆಗಳ ವೇಗ. ಗೋಡೆಯಿಂದ ಬರುವ ಕರೆಂಟು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಅಷ್ಟು ನಿಧಾನದ ಅಲೆಯನ್ನು ಸಂಭಾಳಿಸಲು ಟ್ರಾನ್ಸ್‌ಫಾರ್ಮರಿಗೆ ತುಂಬ ಕಬ್ಬಿಣ ಬೇಕು. ಈಗಿನ ಹಗುರ ಇನ್ವರ್ಟರ್ ಮಷೀನ್ (ಕರೆಂಟ್ ಹೋದಾಗ ದೀಪ ಉರಿಸುವ ಇನ್ವರ್ಟರ್ ಬೇರೆ) ಮೊದಲು ಗೋಡೆಯ ಕರೆಂಟನ್ನು ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್) ಮಾಡಿಕೊಳ್ಳುತ್ತದೆ. ಆಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಅಲೆ ಚುರುಕಾದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೆ ಸಾಕು.

ಇಂದಿನ ಹೆಚ್ಚಿನ ಮಷೀನುಗಳಲ್ಲಿ ಈ ಕತ್ತರಿಸುವ ಕೆಲಸ ಮಾಡುವುದು ಐಜಿಬಿಟಿ ಎಂಬ ಸ್ವಿಚ್. 1980ರ ದಶಕದ ಶುರುವಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅದನ್ನು ರೂಪಿಸಿ ಬಳಕೆಗೆ ತಂದವರು ಬಂಟ್ವಾಳ ಜಯಂತ ಬಾಳಿಗಾ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು. ಗ್ಯಾರೇಜಿನ ವೆಲ್ಡಿಂಗ್ ಮಷೀನಿನೊಳಗೆ ನಮ್ಮ ಕರಾವಳಿಯ ಊರಿನ ಹೆಸರು ಹೊತ್ತವರ ಕೆಲಸ ಇದೆ ಅನ್ನುವುದು ನನಗಂತೂ ಖುಷಿಯ ವಿಷಯ.

ಈಗ ಲೆಕ್ಕಕ್ಕೆ ಬರೋಣ. ರಾಡಿನ ತುದಿಯಲ್ಲಿ 100 ಆಂಪ್ ಹರಿಯುವಾಗ ಅಲ್ಲಿನ ವೋಲ್ಟೇಜ್ ಸುಮಾರು 24. ಗುಣಿಸಿದರೆ 2400 ವ್ಯಾಟ್. ಮಷೀನಿನೊಳಗೆ ಶಾಖವಾಗಿ ಹೋಗುವುದನ್ನೂ ಸೇರಿಸಿ 3000 ವ್ಯಾಟ್ ಎನ್ನಿ. 230 ವೋಲ್ಟಿನಲ್ಲಿ ಇದು 13 ಆಂಪ್. 16 ಆಂಪಿನ ಸಾಕೆಟ್ ಸಾಕಲ್ವಾ ಅನಿಸುತ್ತದೆ. ಸಾಲದು. ಅಗ್ಗದ ಮಷೀನುಗಳು ಕರೆಂಟನ್ನು ಸಮವಾಗಿ ಎಳೆಯುವುದಿಲ್ಲ, ಪ್ರತಿ ಅಲೆಯ ನೆತ್ತಿಯಲ್ಲಿ ಮಾತ್ರ ಗಬಕ್ಕನೆ ಎಳೆಯುತ್ತವೆ. ಪವರ್ ಫ್ಯಾಕ್ಟರ್ ಕಡಿಮೆ ಅನ್ನುವುದು ಇದಕ್ಕೇ. ಅದು 0.7 ಇದ್ದರೆ ವೈರಿನಲ್ಲಿ ಹರಿಯುವುದು 18, 19 ಆಂಪ್. ಇನ್ನು 200 ಆಂಪಿಗೆ ತಿರುಗಿಸಿದರೆ? ಇದೇ ಲೆಕ್ಕದಲ್ಲಿ ಗೋಡೆಯಿಂದ 40 ಆಂಪಿಗೂ ಜಾಸ್ತಿ ಬೇಕು. ಸಾಮಾನ್ಯ ಮನೆಯ ಸಿಂಗಲ್ ಫೇಸ್ ಲೈನಿಗೆ ಅದು ಆಗುವ ಮಾತಲ್ಲ.

ನಡುವೆ ಎಕ್ಸ್‌ಟೆನ್ಷನ್ ವೈರ್ ಬಂದರೆ ಕತೆಯೇ ಬೇರೆ. 1 ಚದರ ಎಂಎಂನ 20 ಮೀಟರ್ ವೈರ್ ಎಂದರೆ ಹೋಗಿ ಬರುವ ದಾರಿ 40 ಮೀಟರ್, ರೋಧ ಮುಕ್ಕಾಲು ಓಮ್‌ನಷ್ಟು. 18 ಆಂಪ್ ಹರಿದರೆ ದಾರಿಯಲ್ಲೇ 14 ವೋಲ್ಟ್ ಹತ್ತಿರ ಹೋಗುತ್ತದೆ, ಸುಮಾರು 250 ವ್ಯಾಟ್ ಶಾಖ ವೈರಿನಲ್ಲೇ ಹುಟ್ಟುತ್ತದೆ. ಆಂಪ್ ಎರಡು ಪಟ್ಟಾದರೆ ಈ ಶಾಖ ನಾಲ್ಕು ಪಟ್ಟು. ವೈರನ್ನು ಸುತ್ತಿಟ್ಟೇ ಬಳಸಿದರೆ ಒಳಗಿನ ಸುತ್ತುಗಳ ಪ್ಲಾಸ್ಟಿಕ್ ಕರಗುವುದು ಇದರಿಂದಲೇ. ಸಂಜೆ ವೋಲ್ಟೇಜ್ 190ಕ್ಕೆ ಇಳಿಯುವ ಹಳ್ಳಿಗಳಲ್ಲಿ ಹಳೆಯ ಮಷೀನಿನ ಕಿಡಿ ಮಂಕಾಗುತ್ತಿತ್ತು. ಇನ್ವರ್ಟರ್ ಹಾಗಲ್ಲ. ಕಿಡಿಯ ಬಲ ಕಾಯ್ದುಕೊಳ್ಳಲು ಇನ್ನೂ ಜಾಸ್ತಿ ಆಂಪ್ ಎಳೆದು ವೈರನ್ನು ಮತ್ತಷ್ಟು ಕಾಯಿಸುತ್ತದೆ.

ಹಾಗಾಗಿ ಮೊದಲ ಖರ್ಚು ಇಲ್ಲಿ ಆಗಲಿ. ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಪ್ರತ್ಯೇಕವಾಗಿ 4 ಚದರ ಎಂಎಂ ತಾಮ್ರದ ವೈರ್, ದೂರ ಇದ್ದರೆ 6. ಅದಕ್ಕೆ ತಕ್ಕ ಎಂಸಿಬಿ (ಆಂಪ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಗಟ್ಟಿ ಇಂಡಸ್ಟ್ರಿಯಲ್ ಸಾಕೆಟ್, ನಂಬಬಹುದಾದ ಅರ್ಥಿಂಗ್. ಇದು ಎಲೆಕ್ಟ್ರಿಷಿಯನ್ ಕೆಲಸ. ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಸ್ಯಾಂಕ್ಷನ್ ಲೋಡ್ (ಮನೆಗೆ ಮಂಜೂರಾದ ಲೋಡ್) ಎಷ್ಟಿದೆ ಅಂತಲೂ ನೋಡಿಕೊಳ್ಳಿ.

ದೊಡ್ಡ ಮಷೀನಿನಿಂದ ಲಾಭವೇ ಇಲ್ಲ ಅಂತಲ್ಲ. ಡಬ್ಬದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಡ್ಯೂಟಿ ಸೈಕಲ್ ಎಂದಿರುತ್ತದೆ. 200 ಆಂಪ್, 30% ಅಂದರೆ ಹತ್ತು ನಿಮಿಷದಲ್ಲಿ ಮೂರು ನಿಮಿಷ ಮಾತ್ರ 200 ಆಂಪಿನಲ್ಲಿ ಉರಿಸಬಹುದು, ಉಳಿದ ಏಳು ನಿಮಿಷ ಅದು ತಣ್ಣಗಾಗಬೇಕು. ಶಾಖ ಆಂಪಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಅದೇ ಮಷೀನ್ ಸುಮಾರು 110 ಆಂಪಿನಲ್ಲಿ ನಿಲ್ಲದೆ ಓಡಬಲ್ಲದು. ಆದರೆ ರಾಡಿನ ಕೆಲಸದಲ್ಲಿ ಬಿಡುವು ತಾನಾಗಿಯೇ ಸಿಗುತ್ತದೆ. ಒಂದು ರಾಡ್ ಮುಗಿಯಲು ಒಂದು ನಿಮಿಷದ ಆಸುಪಾಸು, ಆಮೇಲೆ ಬೆಸುಗೆಯ ಮೇಲೆ ಕಟ್ಟುವ ಸ್ಲ್ಯಾಗ್ ಎಂಬ ಪದರ ಕುಟ್ಟಿ ತೆಗೆಯಬೇಕು, ಹೊಸ ರಾಡ್ ಸಿಕ್ಕಿಸಬೇಕು. ಸುರುಳಿಯಿಂದ ವೈರ್ ಸುಮ್ನೆ ಬರುತ್ತಲೇ ಇರುವ ಮಿಗ್ ಮಷೀನಿನಲ್ಲಿ ಮಾತ್ರ ಈ ಸಂಖ್ಯೆ ನಿಜಕ್ಕೂ ಕಾಡುತ್ತದೆ. ಸಾಮಾನ್ಯವಾಗಿ ಈ ಲೆಕ್ಕ 40 ಡಿಗ್ರಿ ಬಿಸಿಗೆ ಕೊಟ್ಟಿರುವುದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಅದನ್ನೂ ದಾಟುತ್ತದೆ. ಮಷೀನಿನ ಪಕ್ಕದಲ್ಲೇ ಗ್ರೈಂಡರ್ ಹಿಡಿಯಬೇಡಿ. ಫ್ಯಾನು ಕಬ್ಬಿಣದ ಪುಡಿಯನ್ನು ಒಳಗೆಳೆದುಕೊಳ್ಳುತ್ತದೆ. ಆ ಪುಡಿಯಲ್ಲಿ ಕರೆಂಟು ಹರಿಯುತ್ತದೆ, ಬೋರ್ಡ್ ಸುಡುತ್ತದೆ.

ಮುಂದಿನ ತುದಿಯಲ್ಲಿ ಅರ್ಥ್ ಕ್ಲ್ಯಾಂಪ್, ಅಂದರೆ ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಇಕ್ಕಳ. ಮಷೀನಿನ ಜೊತೆ ಬರುವುದು ಹೆಚ್ಚಾಗಿ ತೆಳು ತಗಡಿನದು. ಬಣ್ಣದ ಮೇಲೆಯೇ ಕಚ್ಚಿಸಿ ಅಲ್ಲಿ ಬರೀ 0.02 ಓಮ್ ರೋಧ ಉಳಿದರೂ, 100 ಆಂಪಿನಲ್ಲಿ 200 ವ್ಯಾಟ್ ಅಲ್ಲೇ ಪೋಲು. ಕಿಡಿ ಹಾರುತ್ತದೆ, ರಾಡ್ ಅಂಟಿಕೊಳ್ಳುತ್ತದೆ, ಬೈಗುಳ ಮಾತ್ರ ಮಷೀನಿಗೆ. ಬಣ್ಣ ಕೆರೆದು ಹಿತ್ತಾಳೆಯ ಗಟ್ಟಿ ಕ್ಲ್ಯಾಂಪ್ ಹಾಕಿ ನೋಡಿ.

ಇಷ್ಟಾದ ಮೇಲೂ ಹೊಸದು ಬೇಕೆನಿಸಿದರೆ ಆಂಪಿಗಿಂತ ವಿಧಾನ ಬದಲಿಸುವುದು ಒಳ್ಳೆಯದು. 1.2 ಎಂಎಂ ಚೌಕದ ಪೈಪಿಗೆ 2.5ರ ರಾಡ್ ಹಿಡಿದರೆ ತೂತು ಬೀಳುತ್ತದೆ. ಅಲ್ಲಿ 0.8 ಎಂಎಂ ವೈರಿನ ಮಿಗ್ ಸಲೀಸು. ಆದರೆ ಶೆಡ್ಡಿನಲ್ಲಿ ಒಂದು ಪೇಚಾಟವಿದೆ. ವೆಲ್ಡಿಂಗ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸತು ಲೇಪಿಸಿದ ಜಿಐ ಪೈಪಿನ ಹೊಗೆ ಕುಡಿದರೆ ಅಂದೇ ಚಳಿಜ್ವರ ಬರಬಹುದು. ಅದಕ್ಕೇ ಶಟರ್ ತೆರೆದಿರಬೇಕು. ಶಟರ್ ತೆರೆದರೆ ಬೀಸುವ ಗಾಳಿ ಮಿಗ್‌ನಲ್ಲಿ ಬೆಸುಗೆಯನ್ನು ಕಾಪಾಡುವ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನು ಹೊತ್ತೊಯ್ಯುತ್ತದೆ, ಬೆಸುಗೆಯಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಬೆಸುಗೆ ಕಾಪಾಡುವ ಪುಡಿಯನ್ನು ಒಳಗೇ ತುಂಬಿರುವ, ಗ್ಯಾಸ್ ಬೇಡದ ಫ್ಲಕ್ಸ್ ವೈರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಹೊಗೆ ಮಾತ್ರ ಇನ್ನೂ ಜಾಸ್ತಿ, ಬಾಯಿಗೆ ರೆಸ್ಪಿರೇಟರ್ ಬೇಕೇ ಬೇಕು. ಆ ವೈರಿಗೆ ಸಾಮಾನ್ಯವಾಗಿ ಟಾರ್ಚ್ (ವೈರ್ ಹೊರಬರುವ ಕೈಹಿಡಿ) ಮೈನಸ್ಸಿಗೆ ಹೋಗಬೇಕು. ಪ್ಲಸ್ ಮೈನಸ್ ಅದಲುಬದಲು ಮಾಡುವ ಸೌಲಭ್ಯ ಮಷೀನಿನಲ್ಲಿ ಇದೆಯಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ.