ಕಲ್ಪನೆಯ ದೇಶದಲ್ಲಿ ಶಾಲೆ ತೆರೆಯುವುದು ಹೇಗೆ?

ಪ್ರಶ್ನೆ: ಕಾದಂಬರಿಗಾಗಿ ಒಂದು ದೇಶವನ್ನು ಕಲ್ಪಿಸಿಕೊಂಡಿದ್ದೇನೆ. ನಕ್ಷೆ, ನದಿ, ನಾಣ್ಯ, ರಾಜವಂಶ ಎಲ್ಲ ಸಿದ್ಧವಾಗಿವೆ. ಅಲ್ಲಿನ ಶಿಕ್ಷಣ ವ್ಯವಸ್ಥೆ ಬರೆಯಲು ಕುಳಿತರೆ ಮಾತ್ರ ನಮ್ಮೂರ ಶಾಲೆಗೇ ಬೇರೆ ಹೆಸರಿಟ್ಟಂತಾಗುತ್ತದೆ. ಎಲ್ಲಿಂದ ಶುರು ಮಾಡಲಿ?
– ಹಾವೇರಿಯ ಓದುಗರು

ಉತ್ತರ: ಕಥೆ ಬರೆಯುವ ಹುಡುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ತರಗತಿ ಎಷ್ಟು, ವಿಷಯ ಯಾವುವು, ಸಮವಸ್ತ್ರದ ಬಣ್ಣ ಯಾವುದು ಎಂಬ ಪಟ್ಟಿಯನ್ನೂ ಹಿಡಿದು ಬಂದಿರುತ್ತಾರೆ. ಆ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ಮೊದಲು ಒಂದು ಪರೀಕ್ಷೆಯನ್ನು ಕಲ್ಪಿಸಿ. ಪಾಸಾದವನಿಗೆ ಯಾವ ಬಾಗಿಲು ತೆರೆಯುತ್ತದೆ, ನಪಾಸಾದವನು ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ? ಇಷ್ಟು ಗೊತ್ತಾದರೆ ಶಾಲೆಯ ಗೋಡೆಗಳು ತಾವಾಗಿ ಏಳುತ್ತವೆ.

ಧಾರವಾಡದ ನಮ್ಮ ಮನೆಯ ಅಟ್ಟದಲ್ಲಿದ್ದ ಅಜ್ಜನ ಟ್ರಂಕಿನಲ್ಲಿ ಒಂದು ಮುಲ್ಕಿ ಪ್ರಮಾಣಪತ್ರ ಸಿಕ್ಕಿತ್ತು. ಮಡಿಕೆಯ ಗೆರೆಗುಂಟ ಹರಿದು ನಾಲ್ಕು ತುಂಡಾಗಿತ್ತು. ಯಾರೋ ಹಿಂದಿನಿಂದ ಪಂಚಾಂಗದ ಹಾಳೆಯನ್ನು ಹಿಟ್ಟಿನ ಅಂಟಿನಲ್ಲಿ ಹಚ್ಚಿ ಜೋಡಿಸಿದ್ದರು. ಇಟ್ಟದ್ದು ಹೊಲದ ಕಾಗದಗಳ ಜೊತೆಗೆ. ಅದಕ್ಕಿದ್ದ ಬೆಲೆ ಅಂಥದ್ದು. ಮುಂಬಯಿ ಪ್ರಾಂತದ ಕಾಲದಲ್ಲಿ ಏಳನೆಯ ಇಯತ್ತೆಯ, ಅಂದರೆ ತರಗತಿಯ, ಕೊನೆಗೆ ಬರುತ್ತಿದ್ದ ಮುಲ್ಕಿ ಪರೀಕ್ಷೆ ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆಗೋ ಊರಿನ ಲೆಕ್ಕ ಬರೆಯುವ ತಲಾಟಿ ಕೆಲಸಕ್ಕೋ ದಾರಿಯಾಗುತ್ತಿತ್ತು. ಕಾಲೇಜಿನ ಆಸೆ ಇದ್ದವರ ದಾರಿ ಬೇರೆ: ಇಂಗ್ಲಿಷ್ ಶಾಲೆ, ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದೇ 1917ರಲ್ಲಿ. ಅದಕ್ಕೂ ಮುಂಚೆ ಪದವಿ ಬೇಕಾದವರು ಪುಣೆಗೋ ಮುಂಬಯಿಗೋ ಗಂಟು ಕಟ್ಟಬೇಕಿತ್ತು. ಒಂದೇ ಓಣಿಯ ಇಬ್ಬರು ಗೆಳೆಯರಲ್ಲಿ ಒಬ್ಬ ಮುಲ್ಕಿ ಮಾಸ್ತರ, ಇನ್ನೊಬ್ಬ ಪುಣೆಯಿಂದ ಮರಳಿದ ವಕೀಲ. ಹತ್ತು ವರ್ಷದ ಮೇಲೆ ಸಂತೆಯಲ್ಲಿ ಎದುರಾದಾಗ ಯಾರು ಮೊದಲು ನಮಸ್ಕಾರ ಹೇಳುತ್ತಾರೆ? ನಿಮ್ಮ ದೇಶದಲ್ಲೂ ಇಂಥ ಎರಡು ದಾರಿ ಇರಲಿ.

ಎರಡನೆಯದು ಭಾಷೆ. ಹೊಸಬರು ಎಡವುವುದು ಇಲ್ಲಿಯೇ. ಇಡೀ ದೇಶಕ್ಕೆ ಒಂದೇ ಭಾಷೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತ ಶಾಲೆಯಲ್ಲಿ ಮರಾಠಿ ಕಲಿಯುತ್ತಿದ್ದರು. ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರು (1834–1881) ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದರು. ಹುದ್ದೆ ಹೆಸರಿಗೇ ಅಂಟಿಕೊಂಡು ಇವತ್ತಿಗೂ ಅವರು ಡೆಪ್ಯುಟಿ ಚನ್ನಬಸಪ್ಪನವರೇ. ಮರಾಠಿ ಶಾಲೆ ಹೋದರೂ ಇಯತ್ತೆ, ಪಾಟಿ (ಸ್ಲೇಟು) ಎಂಬ ಮರಾಠಿ ಮಾತುಗಳು ಹೋಗಲಿಲ್ಲ. ಒಂದನೆಯ ಇಯತ್ತೆಗೂ ಮುಂಚಿನ ತರಗತಿಯನ್ನು ನಮ್ಮ ಹಿರಿಯರು ಈಗಲೂ ಬಿನ್ನೆತ್ತೆ ಎನ್ನುತ್ತಾರೆ. ನಿಮ್ಮ ದೇಶದ ಮಕ್ಕಳ ಬಾಯಲ್ಲಿ ಹಳೆಯ ದೊರೆಗಳ ಇಂಥ ಮೂರು ನಾಲ್ಕು ಮಾತು ಉಳಿದಿದ್ದರೆ ಇತಿಹಾಸಕ್ಕೆಂದು ಬೇರೆ ಅಧ್ಯಾಯ ಬರೆಯುವ ಕೆಲಸ ತಪ್ಪುತ್ತದೆ.

ಗಡಿಯನ್ನೂ ಮರೆಯಬೇಡಿ. ಗದಗದಲ್ಲಿ ಮುಲ್ಕಿ ನಡೆಯುತ್ತಿದ್ದ ಕಾಲಕ್ಕೆ ಪಕ್ಕದ ಕೊಪ್ಪಳ ನಿಜಾಮರದು, ಅಲ್ಲಿ ಉರ್ದುವಿನ ದರ್ಬಾರು. ನಿಮ್ಮ ರಾಣೆಬೆನ್ನೂರಿನಿಂದ ತುಂಗಭದ್ರೆ ದಾಟಿ ಹರಿಹರಕ್ಕೆ ಹೋದರೆ ಮೈಸೂರು ಸಂಸ್ಥಾನ, ಅಲ್ಲಿನ ಮಾತು ಎಲ್.ಎಸ್. (ಲೋವರ್ ಸೆಕೆಂಡರಿ) ಪರೀಕ್ಷೆಯದು. 1956ರಲ್ಲಿ ಇವೆಲ್ಲ ಒಂದೇ ರಾಜ್ಯವಾದವು. ಹೊಳೆಯಾಚೆಗೆ ಮದುವೆಯಾಗಿ ಹೋದ ಅಕ್ಕನ ಮಗ ರಜೆಗೆ ಬಂದು ಬೇರೆಯೇ ಪಠ್ಯಪುಸ್ತಕ ತೆರೆದು ಕೂರುವ ದೃಶ್ಯ ಯಾಕೆ ಇರಬಾರದು?

ರಜೆ ಬೆಳೆಯನ್ನು ನೋಡಿಕೊಂಡು ಬರಲಿ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹಾಜರಿ ಪುಸ್ತಕ ಏನು ಹೇಳುತ್ತದೆ ಎಂಬುದು ಬ್ಯಾಡಗಿ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಸರ್ಕಾರದ ಲೆಕ್ಕದ ಹೊರಗಿನ ಶಾಲೆಯೂ ಒಂದಿರಲಿ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಗುರುವಿನ ಬಳಿ ಕುಳಿತು ಸಂಗೀತ ಕಲಿತು ಅದನ್ನೇ ಬದುಕು ಮಾಡಿಕೊಂಡರು. ಅಲ್ಲಿ ಕಲಿತದ್ದಕ್ಕೆ ಕಛೇರಿಯ ವೇದಿಕೆಯೇ ಸಾಕ್ಷಿ.

ಇನ್ನು ನಿಮಗೊಂದು ಕೆಲಸ. ಆ ದೇಶದ ಏಳನೆಯ ಇಯತ್ತೆಯ ಗಣಿತದ ಪ್ರಶ್ನೆಪತ್ರಿಕೆಯನ್ನು ಬರೆಯಿರಿ, ಐದೇ ಲೆಕ್ಕ ಸಾಕು. ನಮ್ಮ ಹಿರಿಯರು ಮಾಡಿದ್ದು 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ, 40 ಗುಂಟೆಗೆ ಒಂದು ಎಕರೆಯ ಲೆಕ್ಕ. ನಡುವೆ ಸಾವಕಾರನ ಬಡ್ಡಿ. ನಿಮ್ಮ ಹುಡುಗ ಯಾರ ಬಡ್ಡಿ ಲೆಕ್ಕ ಹಾಕುತ್ತಾನೆ, ಯಾರ ಹೊಲ ಅಳೆಯುತ್ತಾನೆ? ನಕ್ಷೆ ನಿಮ್ಮಲ್ಲೇ ಇರಲಿ, ಮುಂದಿನ ಸಲ ಆ ಪ್ರಶ್ನೆಪತ್ರಿಕೆಯನ್ನು ಕಳಿಸಿ.